ಎಪ್ಪತ್ತು ಡಿಗ್ರಿಯ ಒಳಗೆ

ಅಕ್ಷಯನಿಗೆ ಮೊದಲ ಸಲ ಫಿಟ್ಸ್ ಬಂದದ್ದು ಅಪ್ಪನ ದೋಣಿಯಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ. ಬಲೆ ಎಳೆಯುತ್ತಿದ್ದವನು ಒಮ್ಮೆಲೇ ಸೆಟೆದುಕೊಂಡು ನೀರಿಗೆ ಬಿದ್ದ. ಅಪ್ಪ ಸೂರ ಹಾರಿ, ಕೂದಲು ಹಿಡಿದು ಎಳೆದು ದೋಣಿಗೆ ಹಾಕಿದ. ದಡಕ್ಕೆ ತಂದು ಮಲಗಿಸಿದಾಗ ಅಮ್ಮ ಜಲಜ ಮಗ ಹೋದನೆಂದೇ ತಿಳಿದು ಮರಳಿನಲ್ಲಿ ಕುಸಿದು ಅತ್ತಿದ್ದಳು. ಇನ್ನು ಅವನು ಕಡಲಿಗೆ ಹೋಗುವುದು ಬೇಡ ಎಂದು ಅವತ್ತೇ ತೀರ್ಮಾನವಾಯಿತು.

ಆಮೇಲೆ ಬೇಡಗಳು ಒಂದೊಂದಾಗಿ ಸೇರಿಕೊಂಡವು. ಹೊಳೆಗೆ ಇಳಿಯುವುದು ಬೇಡ. ಬಾವಿಕಟ್ಟೆಯ ಹತ್ತಿರ ಒಬ್ಬನೇ ನಿಲ್ಲುವುದು ಬೇಡ. ಬೈಕು ಬೇಡ. ಬಚ್ಚಲಿನ ಚಿಲಕ ಹಾಕುವುದು ಬೇಡ. ಮರವಂತೆಯಂಥ ಊರಿನಲ್ಲಿ ಇಷ್ಟನ್ನು ಕಳೆದರೆ ಉಳಿಯುವ ಜಾಗ ತೀರಾ ಕಡಿಮೆ. ಮನೆಯ ಮುಂದೆ ಹೆದ್ದಾರಿ, ಅದರಾಚೆ ಕಡಲು. ಹಿಂದೆ ಕೆಲವು ತೆಂಗಿನ ಮರ, ಅವುಗಳಾಚೆ ಹೊಳೆ. ನಡುವಿನ ಮನೆಯ ನಡುಕೋಣೆಯಲ್ಲಿ ಅವನಿಗೆ ಇಪ್ಪತ್ತೇಳು ವರ್ಷವಾಯಿತು. ಅದು ಎರಡು ಸಾವಿರದ ಒಂಬತ್ತನೆಯ ಇಸವಿ.

ಆ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಅಕ್ಕ ದಿವ್ಯಾ ಕಾಲೇಜಿಗೆ ಹೋಗುವಾಗ ತಂದದ್ದು. ಅವಳು ಮದುವೆಯಾಗಿ ಬ್ರಹ್ಮಾವರಕ್ಕೆ ಹೋದ ಮೇಲೆ ಅದು ಅಕ್ಷಯನ ಪಾಲಿಗೆ ಬಂತು. ಕುಂದಾಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಅನೂಪ್ ಅವನ ಶಾಲೆಯ ಗೆಳೆಯ. ಅವನೇ ಒಳಗಿನದನ್ನೆಲ್ಲ ಬದಲಿಸಿ ಹೊಸ ಪ್ರೊಸೆಸರ್ ಕೂರಿಸಿಕೊಟ್ಟಿದ್ದ. ಜೊತೆಗೆ ಒಂದು ಫ್ಲೈಟ್ ಸಿಮ್ಯುಲೇಟರ್ ಕೂಡ ಹಾಕಿದ್ದ. ವಿಮಾನ ಹಾರಿಸುವ ಆಟ. ಡಾಕ್ಟರನ್ನು ಕೇಳಿದ್ದಕ್ಕೆ, ಇವನದು ಬೆಳಕಿನ ಮಿಣುಕಿಗೆ ಬರುವ ಫಿಟ್ಸ್ ಅಲ್ಲ, ನಿದ್ದೆ ಕೆಡಿಸದೆ ಆಡಬಹುದು ಎಂದಿದ್ದರು.

ಅಕ್ಷಯ ಆಟ ಎಂದು ಅದನ್ನು ಹಿಡಿಯಲಿಲ್ಲ. ಒಂದೇ ಎಂಜಿನ್ನಿನ ಪುಟ್ಟ ವಿಮಾನವನ್ನು ಮಂಗಳೂರಿನಿಂದ ಎಬ್ಬಿಸುವುದು, ಗಾಳಿಯ ದಿಕ್ಕು ನೋಡಿ ಇಳಿಸುವುದು, ಎಲ್ಲವನ್ನೂ ಹಗಲೆಲ್ಲ ಕೂತು ಕಲಿತ. ಆದರೆ ಇಳಿಯುವ ಹೊತ್ತಿಗೆ, ರನ್‌ವೇ ಎದುರಿಗೆ ಬಂದು ಕೈ ಅಲುಗಬಾರದು ಎನ್ನುವಾಗಲೇ, ಪರದೆಯ ಚಿತ್ರ ತಡೆತಡೆದು ನಿಲ್ಲುತ್ತಿತ್ತು. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಏನೂ ಇಲ್ಲ. ಮತ್ತೆ ಚಲಿಸುವಷ್ಟರಲ್ಲಿ ವಿಮಾನ ಗದ್ದೆಯಲ್ಲಿ ಮೂಗು ಊರಿರುತ್ತಿತ್ತು. ಆ ನಿಂತು ಹೋಗುವಿಕೆ ಅಕ್ಷಯನಿಗೆ ಸಹಿಸಲು ಆಗುತ್ತಿರಲಿಲ್ಲ. ಫಿಟ್ಸ್ ಬಂದು ಎದ್ದಾಗಲೂ ಹಾಗೆಯೇ. ನಡುವಿನ ತುಂಡೊಂದು ಯಾರೋ ಕತ್ತರಿಸಿ ಒಯ್ದ ಹಾಗೆ.

ಅನೂಪನಿಗೆ ಫೋನ್ ಮಾಡಿದ.

"ಗ್ರಾಫಿಕ್ಸ್ ಕಾರ್ಡಿಂದ್ ತಪ್ಪಲ್ಲ ಮಾರಾಯ," ಎಂದ ಅನೂಪ್. "ಈ ಗೇಮ್ ಭಾರ ಎಲ್ಲ ಪ್ರೊಸೆಸರ್ ತಲಿ ಮೇಲೇ ಹಾಕತ್ತ್. ಅದನ್ನ ಓವರ್‌ಕ್ಲಾಕ್ ಮಾಡ್ಕ್. ಕಂಪನಿಯರ್ ಎರಡೂವರೆ ಗಿಗಾಹರ್ಟ್ಸ್ ಅಂತ ಇಟ್ಟದ್ದನ್ನ ನಾವು ಮೂರು, ಮೂರೂಕಾಲ್ ತನಕ ಏರ್ಸುದ್."

"ಸುಟ್ಟ್ ಹೋತಿಲ್ಯಾ?"

"ಒಂದೇ ಸಲ ಏರ್ಸಿರೆ ಹೋತ್ತ್. ಒಂಚೂರೊಂಚೂರೇ ಏರ್ಸಿ, ಪ್ರತಿ ಸಲ ಪರೀಕ್ಷೆ ಮಾಡ್ಕ್. ಬಿಸಿ ಎಪ್ಪತ್ತ್ ಡಿಗ್ರಿ ದಾಟುಕಾಗ. ವೋಲ್ಟೇಜ್ ಮುಟ್ಬೇಡ. ಪ್ರೊಸೆಸರ್ ತಂಪ್ ಮಾಡುಕ್ ಈಗಿಪ್ಪ ಫ್ಯಾನ್ ಸಾಲ, ದೊಡ್ಡ ಕೂಲರ್ ಹಾಕ್ಕ್. ನಮ್ಮ ಬದಿ ಉಪ್ಪುಗಾಳಿ, ಸೆಕೆ ಬೇರೆ. ಕೂಲರ್ ನಾನೇ ತಂದ್ ಕೊಡ್ತೆ."

"ಬ್ಯಾಡ," ಎಂದ ಅಕ್ಷಯ. "ನಾನೇ ಬತ್ತೆ."

ಫಿಟ್ಸ್ ಬರದೆ ಎರಡು ವರ್ಷ ದಾಟಿತ್ತು. ಬಸ್ಸಿನಲ್ಲಿ ಒಬ್ಬನೇ ಹೋಗಬಹುದು ಎಂದು ಡಾಕ್ಟರ್ ಕಳೆದ ಸಲವೇ ಹೇಳಿದ್ದರು. ಆದರೆ ಅವರ ಮಾತನ್ನು ಮನೆಯಲ್ಲಿ ಯಾರೂ ಮತ್ತೆ ಎತ್ತಿರಲಿಲ್ಲ.

ಜಲಜ ಮೀನು ಕೊಯ್ಯುತ್ತಿದ್ದವಳು ಕತ್ತಿ ಕೆಳಗಿಟ್ಟಳು. "ಅನೂಪ ತಂದ್ ಕೊಡ್ತೆ ಅಂದ್ರೆ ನೀ ಎಂತಕ್ ಹೋಪುದ್?"

"ಹೋಯ್ಕ್ ಅಂತ ಆಸಿ ಅಮ್ಮ. ಬೇರೆ ಎಂತ ಇಲ್ಲ."

"ದಾರಿಯಂಗೆ ಬಂದ್ರೆ?"

"ಮನಿಯಂಗೂ ಬತ್ತಿಲ್ಯಾ?"

ಅವಳು ಮತ್ತೆ ಕತ್ತಿ ಎತ್ತಿಕೊಂಡಳು. ಜಗಲಿಯಲ್ಲಿ ಬಲೆ ಸರಿಮಾಡುತ್ತಿದ್ದ ಸೂರ, "ಹೋಯ್ಲಿ ಬಿಡ್," ಎಂದಷ್ಟೇ ಹೇಳಿದ.

ಬಸ್ಸಿನಲ್ಲಿ ಅಕ್ಷಯ ಕಡಲಿನ ಬದಿಯ ಕಿಟಕಿ ಹಿಡಿದ. ಈ ಸಲ ಯಾರ ಕೈಯೂ ಅವನ ಅಂಗಿಯನ್ನು ಹಿಡಿದಿರಲಿಲ್ಲ. ತ್ರಾಸಿ ದಾಟಿದ ಮೇಲೆ ಕಂಡಕ್ಟರ್ ಭೋಜ ಬಂದು ಟಿಕೆಟ್ ಕೊಟ್ಟು, ಕಿಟಕಿಯ ಗಾಜನ್ನು ಅರ್ಧ ಮುಚ್ಚಿದ.

"ಗಾಳಿ ಜಾಸ್ತಿ ಹೊಡ್ಕಂಬ್ಕಾಗ. ನಿನ್ನ ಅಮ್ಮ ಫೋನ್ ಮಾಡಿದ್ರ್. ಶಾಸ್ತ್ರಿ ಸರ್ಕಲ್ಲಂಗೆ ನಾನೇ ಇಳ್ಸಿ ರಸ್ತೆ ದಾಟಿಸ್ತೆ."

ಹೆಮ್ಮಾಡಿಯಲ್ಲಿ ಹತ್ತಿದ ಹೆಂಗಸೊಬ್ಬಳು ಅವನ ಮುಖವನ್ನೇ ನೋಡಿ, "ಸೂರಣ್ಣನ ಮಗ ಅಲ್ದಾ? ಈಗ ಹೇಂಗಿತ್ತ್?" ಎಂದಳು. ಇಡೀ ಬಸ್ಸು ಅವನತ್ತ ತಿರುಗಿತು. ಅಂಗಡಿಗೆ ಕಾಲಿಟ್ಟಾಗ ಅನೂಪ್ ಕುರ್ಚಿ ಎಳೆದು, "ಮೊದ್ಲ್ ಕೂಕೊ. ಮುಟ್ಟಿದ್ ಕೂಡ್ಲೆ ಮನಿಗ್ ಫೋನ್ ಮಾಡ್ಕ್ ಅಂಬ್ರ್," ಎಂದ. ಅಕ್ಷಯ ನಕ್ಕ. ನಗದಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದ. ಮನೆಯ ಗೋಡೆ ಕುಂದಾಪುರದವರೆಗೂ ಬಂದಿತ್ತು.

ಕೂಲರ್ ತಂದವನು ಮರುದಿನ ಬೆಳಿಗ್ಗೆ ಕೆಲಸಕ್ಕೆ ಕೂತ. ಹಳೆಯ ಫ್ಯಾನ್ ಬಿಚ್ಚಿ, ಪ್ರೊಸೆಸರಿನ ಬೆನ್ನ ಮೇಲೆ ಬಿಸಿ ದಾಟಿಸಲು ಹಚ್ಚಿದ್ದ, ಈಗ ಒಣಗಿದ ಪೇಸ್ಟ್ ಒರೆಸಿ, ಹೊಸ ಪೇಸ್ಟನ್ನು ಅಕ್ಕಿ ಕಾಳಿನಷ್ಟು ಇಟ್ಟ. ಕೂಲರ್ ಕೂರಿಸಿ ಸ್ಕ್ರೂಗಳನ್ನು ಓರೆಯಾಗದಂತೆ ಎದುರುಬದುರಾಗಿ ಬಿಗಿ ಮಾಡಿದ. ಕಂಪ್ಯೂಟರ್ ಆನ್ ಮಾಡಿ, ಬಯಾಸ್ ಎನ್ನುವ ನೀಲಿ ಪುಟಕ್ಕೆ ಹೋಗಿ ವೇಗ ಒಂದಿಷ್ಟು ಏರಿಸಿದ; ಮೆಮೊರಿಯ ವೇಗ ಅದರ ಜೊತೆ ಏರದಂತೆ ಒಂದು ಮೆಟ್ಟಿಲು ಕೆಳಗಿಟ್ಟ. ಮಿಷನ್ ಸರಿಯಾಗಿಯೇ ಎದ್ದಿತು. ಬಿಸಿ ನೋಡಿದ, ಪರೀಕ್ಷೆ ಮಾಡಿದ, ಇನ್ನಷ್ಟು ಏರಿಸಿದ. ಎರಡು ದಿನ ಹೀಗೆ ಕಳೆದು ಮೂರು ಗಿಗಾಹರ್ಟ್ಸ್ ಆಯಿತು. ಅದರ ಮೇಲೆ ಹೋದಾಗ ಪರದೆ ಕಪ್ಪಾಗಿ ನಿಂತಿತು. ಹಿಂದಿನ ಅಂಕಿಗೆ ಇಳಿಸಿದ.

ಗಂಟೆಗಟ್ಟಲೆ ನಡೆಸಬೇಕಾದ ಉದ್ದದ ಪರೀಕ್ಷೆಯೊಂದು ಬಾಕಿಯಿತ್ತು; ಅದಕ್ಕೆ ಮೊದಲೇ ಆಸೆ ತಡೆಯಲಾರದೆ ವಿಮಾನ ಎಬ್ಬಿಸಿದ. ಇಳಿಸುವ ಹೊತ್ತು. ಕಣ್ಣು ಪಿಳುಕಿಸದೆ, ಉಸಿರು ಹಿಡಿದು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಬಾಗಿಲಲ್ಲಿ ಬಂದ ಜಲಜ ಎರಡು ಸಲ ಕರೆದಳು. ಅವನಿಗೆ ಕೇಳಿಸಲಿಲ್ಲ. ಅವಳು ಕೂಗಿಕೊಂಡು ಓಡಿ ಬಂದು ಪ್ಲಗ್ ಕಿತ್ತೆಸೆದು, ಅವನ ತಲೆಯನ್ನು ಎದೆಗೆ ಒತ್ತಿ ಹಿಡಿದಳು.

"ಬಿಡ್ ಅಮ್ಮ! ಎಂತ ಆಯ್ಲಿಲ್ಲ! ಬಿಡ್!"

"ಕರ್‌ದ್ರೆ ಮಾತಿಲ್ಲ, ಕಣ್ಣ್ ಹಂಗೇ ನಿಂತಿತ್ತ್..."

"ಹತ್ತ್ ವರ್ಷ ಆಯ್ತ್!" ಅವನು ಕೂಗಿದ. "ಸುಮ್ನೆ ಕೂಕಂಡ್ರೂ ಫಿಟ್ಸಾ? ಅವತ್ತ್ ಅಪ್ಪಯ್ಯ ನನ್ನ ನೀರಿಂದ ಎತ್ತಿದ್ ಎಂತಕ್? ಇಲ್ಲಿ ಕಟ್ಟಿ ಹಾಕುಕಾ?"

ಜಲಜ ಕೈ ಬಿಟ್ಟಳು. ನೆಲದ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅವನಿಗೆ ತಾನು ಆಡಿದ್ದು ಹೆಚ್ಚಾಯಿತು ಎನಿಸಿತು. ಪ್ಲಗ್ ಸಿಕ್ಕಿಸಿ ಬಟನ್ ಒತ್ತಿದ, ಮಿಷನ್ ಎದ್ದಿತು. ಫ್ಯಾನು ಜೋರಾಗಿ ತಿರುಗತೊಡಗಿತು.

ಅವಳು ಅದರತ್ತ ತಲೆ ಎತ್ತಿ ಕೇಳಿದಳು, "ಅದ್ ಎಂತಕ್ ಹಂಗ್ ಕೂಗತ್ತ್?"

ಅವನು ಹೇಳಿದ. ಕಟ್ಟಿಕೊಟ್ಟ ವೇಗಕ್ಕಿಂತ ಹೆಚ್ಚು ಓಡಿಸುತ್ತಿದ್ದೇನೆ, ಅದಕ್ಕೆ ಬಿಸಿಯಾಗುತ್ತದೆ, ಫ್ಯಾನು ಆ ಬಿಸಿಯನ್ನು ಹೊರಗೆ ತಳ್ಳುತ್ತದೆ ಎಂದ. ಪರದೆಯ ಮೂಲೆಯ ಅಂಕಿ ತೋರಿಸಿದ.

"ಎಷ್ಟಾರೆ ಹೆದ್ರ್‌ಕ್?"

"ಎಪ್ಪತ್ತ್. ಅದ್ರ್ ಒಳ್ಗಿದ್ರೆ ಎಂತ ಆತಿಲ್ಲ."

ಅವಳು ಅಂಕಿಯನ್ನೇ ನೋಡಿದಳು. ನಲವತ್ತನಾಲ್ಕು ಇತ್ತು.

ಮರುದಿನ ಮಧ್ಯಾಹ್ನ ಉದ್ದದ ಪರೀಕ್ಷೆ ಹಚ್ಚಿದ. ಪ್ರೊಸೆಸರಿಗೆ ಬಿಡುವೇ ಕೊಡದೆ ಲೆಕ್ಕ ಮಾಡಿಸುವ ಪ್ರೋಗ್ರಾಂ ಅದು. ಸಂಜೆಯ ತನಕ ತಪ್ಪಿಲ್ಲದೆ ನಡೆದರೆ ಮಿಷನ್ ಗಟ್ಟಿ ಎಂದು ಅರ್ಥ. ಅವನು ಅಮ್ಮನನ್ನು ಕರೆದು ಕುರ್ಚಿಯಲ್ಲಿ ಕೂರಿಸಿದ.

"ಇದ್ರ್ ಮೇಲೆ ಕಣ್ಣಿಡ್. ಎಪ್ಪತ್ತ್ ದಾಟ್ರೆ ಈ ಬಟನ್ ಒತ್ತ್."

"ನೀ ಇರ್ತ್ಯಲ್ಲ?"

"ನಾ ಕಡಲ್ ಬದಿಗ್ ಹೋತೆ. ಒಬ್ನೇ. ನೀರಿಗ್ ಇಳಿತಿಲ್ಲ, ಕಲ್ಲಿನ್ ಮೇಲೆ ಕೂಕಂತೆ. ಭೋಜಣ್ಣಂಗೆ, ಅನೂಪಂಗೆ, ಯಾರಿಗೂ ಫೋನ್ ಮಾಡ್ಬೇಡ."

ಜಲಜ ಮಗನ ಮುಖ ನೋಡಿದಳು. ಏಳಲು ಹೋದವಳು ಕುರ್ಚಿಯ ಕೈ ಹಿಡಿದು ಹಾಗೇ ಕೂತಳು. "ರಸ್ತಿ ದಾಟುವತ್ತಿಗೆ ಲಾರಿ ಕಾಣ್," ಎಂದಳು.

ಕಡಲು ಕೊರೆಯದಂತೆ ತಂದು ಸುರಿದಿದ್ದ ಬಂಡೆಗಳ ಮೇಲೆ ಅವನು ಹೋಗಿ ನಿಂತ. ಬೆನ್ನ ಹಿಂದೆ ಯಾರೂ ಇರಲಿಲ್ಲ. ಇದಕ್ಕೇ ಇಷ್ಟು ವರ್ಷ ಕಾದಿದ್ದ. ಆದರೆ ಅಲೆ ಬಂಡೆಗೆ ಹೊಡೆದು ಹನಿ ಮುಖಕ್ಕೆ ರಾಚಿದಾಗ ತನ್ನ ಮೈಯನ್ನೇ ಪರೀಕ್ಷಿಸತೊಡಗಿದ. ಬೆರಳು ಜುಮ್ಮೆನ್ನುತ್ತಿದೆಯೇ? ನಾಲಗೆ ದಪ್ಪವಾಗುತ್ತಿದೆಯೇ? ಈಗ ಬಂದರೆ ಎತ್ತುವವರು ಯಾರು? ಬಂಡೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತುಬಿಟ್ಟ. ಅಮ್ಮ ಇಲ್ಲದ ಕಡೆ ಅವನೇ ತನ್ನನ್ನು ಅಮ್ಮನಂತೆ ಕಾಯುತ್ತಿದ್ದ. ಎದ್ದು ಹೋಗೋಣ ಎನಿಸಿದರೂ ಹೋಗಲಿಲ್ಲ. ಬಿಸಿಲು ಇಳಿಯುವ ತನಕ ಹಾಗೇ ಕೂತ. ಕೊನೆಕೊನೆಗೆ ಕೈ ಸಡಿಲವಾಯಿತು.

ಮನೆಗೆ ಬಂದಾಗ ಜಲಜ ಅದೇ ಕುರ್ಚಿಯಲ್ಲಿದ್ದಳು. "ಅರ್ವತ್ತಾರ್," ಎಂದಳು. "ಒಂದ್ ಸಲ ಅರ್ವತ್ತೊಂಬತ್ತ್ ಆಯಿತ್ತ್. ಕೈ ಬಟನ್ ಮೇಲೇ ಇಟ್ಕಂಡಿದ್ದೆ. ಮತ್ತೆ ಇಳೀತ್."

ಪರೀಕ್ಷೆ ತಪ್ಪಿಲ್ಲದೆ ಮುಗಿದಿತ್ತು. ಅವತ್ತು ವಿಮಾನ ನಿಲ್ಲದೆ, ತಡವರಿಸದೆ ಬಂದು ನೆಲ ಮುಟ್ಟಿತು. ಸೆಕೆಂಡಿಗೆ ಹನ್ನೊಂದು ಇದ್ದ ಚಿತ್ರಗಳು ಹದಿಮೂರು ಹದಿನಾಲ್ಕಾಗಿದ್ದವು, ಅಷ್ಟೇ. ಆದರೂ ಆ ಖಾಲಿ ತುಂಡು ಕಾಣಲಿಲ್ಲ.

ಆ ಮಳೆಗಾಲವಿಡೀ ಅವನು ಆಗಾಗ ಒಬ್ಬನೇ ಹೊರಗೆ ಹೋದ. ಅನೂಪನ ಅಂಗಡಿಗೆ ಬರುವ ಕೆಟ್ಟ ಮಿಷನ್‌ಗಳನ್ನು ಮನೆಗೆ ತಂದು ಸರಿಮಾಡಿ ಕೊಡತೊಡಗಿದ. ವಾರಕ್ಕೆ ಎರಡು ದಿನ ಅಂಗಡಿಯಲ್ಲೇ ಕೂರುವ ಮಾತೂ ಆಯಿತು.

ದೀಪಾವಳಿಯ ಮರುವಾರ ಬೆಳಿಗ್ಗೆ, ಚಾ ಲೋಟ ಹಿಡಿದು ಅಡುಗೆಮನೆಯ ಹೊಸಿಲು ದಾಟುವಾಗ ಫಿಟ್ಸ್ ಬಂತು. ಕಡಲೂ ಇಲ್ಲ, ರಸ್ತೆಯೂ ಇಲ್ಲ. ಬೇಡಗಳೆಲ್ಲ ಪಾಲನೆಯಾಗಿದ್ದ ಜಾಗ. ಹಣೆ ಹೊಸಿಲಿಗೆ ತಾಗಿ ಒಡೆಯಿತು. ಹೊಲಿಗೆ ಹಾಕಿಸಿ, ಮಣಿಪಾಲಕ್ಕೆ ಹೋಗಿ ಬಂದರು. ಡಾಕ್ಟರ್ ಮಾತ್ರೆ ಹೆಚ್ಚಿಸಿದರು. ಓಡಾಟವೆಲ್ಲ ಸದ್ಯಕ್ಕೆ ಬೇಡ, ಮೊದಲಿನಿಂದ ನೋಡೋಣ ಎಂದರು. ಅಂಗಡಿಯ ಮಾತು ಅಲ್ಲಿಗೇ ನಿಂತಿತು.

ಹೊಸ ಮಾತ್ರೆಯಿಂದ ಅಕ್ಷಯನಿಗೆ ಹಗಲೂ ಮಂಪರು. ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿಯೇ ಇತ್ತು. ಒಂದು ಮಧ್ಯಾಹ್ನ ಜಲಜ ಬಂದು ಅವನ ಕಾಲ ಬಳಿ ಕೂತಳು.

"ನಿಂಗೂ ಸಾಕಾಯ್ತ್ ಅಲ್ದಾ ಅಮ್ಮ?" ಎಂದ, ತಿರುಗದೆ.

ಅವಳು ಅವನ ಹೊದಿಕೆಯ ಅಂಚು ಸರಿಮಾಡಿದಳು. "ಪ್ರೇಮಾನಂದಣ್ಣನ ಮಗಳ ಮದ್ವಿಗೂ ಹೋಪುಕಾಯ್ಲಿಲ್ಲ," ಎಂದಳು. ಪ್ರೇಮಾನಂದ ಅವಳ ಅಣ್ಣ, ಬೊಂಬಾಯಿಯಲ್ಲಿ ಹೋಟೆಲಿನಲ್ಲಿದ್ದವನು. "ನಾ ಬೊಂಬಾಯಿ ಕಂಡದ್ದೇ ಇಲ್ಲ. ನಿನ್ನ ಬಿಟ್ಟಿಕಿ ಹೇಂಗ್ ಹೋಪುದ್ ಅಂತ. ಹತ್ತ್ ವರ್ಷದಂಗೆ ಮಣಿಪಾಲದ ಆಸ್ಪತ್ರಿ ಬಿಟ್ಟ್ ಮುಂದ್ ಹೋಯ್ಲಿಲ್ಲ."

ಅಕ್ಷಯ ಎದ್ದು ಕೂತ. ಅದನ್ನು ಅವನು ಒಮ್ಮೆಯೂ ಯೋಚಿಸಿರಲಿಲ್ಲ.

"ನಿನ್ನ ಇಮಾನ ಬೊಂಬಾಯಿಗ್ ಹೋತ್ತಾ?" ಎಂದು ಕೇಳಿದಳು.

ಅವನು ಬಟ್ಟೆ ತೆಗೆದ. ಜಲಜ ಕುರ್ಚಿಯೊಂದನ್ನು ಪಕ್ಕಕ್ಕೆ ಎಳೆದುಕೊಂಡಳು. ವಿಮಾನ ಮಂಗಳೂರಿನಿಂದ ಎದ್ದು ಉತ್ತರಕ್ಕೆ ತಿರುಗಿತು. ಎಡಕ್ಕೆ ಕಡಲು, ಬಲಕ್ಕೆ ಹಸಿರು. ಕುಂದಾಪುರ ದಾಟಿದ ಮೇಲೆ ಅವಳು ಪರದೆಯ ಹತ್ತಿರ ಬಗ್ಗಿದಳು.

"ನಮ್ಮನಿ ಎಲ್ಲಿತ್ತ್?"

"ಇಲ್ಲೇ ಬರ್ಕ್." ಅವನು ಬೆರಳಿಟ್ಟ. ಹೆದ್ದಾರಿ ಇರಬೇಕಾದಲ್ಲಿ ಬರೀ ನೀರಿತ್ತು. ಹೊಳೆಯೂ ಕಡಲೂ ಒಂದೇ ಬಣ್ಣದಲ್ಲಿ ಕೂಡಿಹೋಗಿದ್ದವು. "ಇದನ್ನ ಮಾಡಿದರಿಗೆ ಇಷ್ಟ್ ಸಪೂರದ್ ಜಾಗ ಗೊತ್ತಾಯ್ಲಿಲ್ಲ ಕಾಣತ್ತ್."

"ಹಂಗಾರೆ ಇದ್ರಂಗೆ ನಾವೇ ಇಲ್ಲ."

"ಇಲ್ಲ."

ಅವಳು ಸ್ವಲ್ಪ ಹೊತ್ತು ಆ ನೀರನ್ನೇ ನೋಡಿದಳು. "ಹಂಗಾರೆ ಮುಂದ್ ಹೋಪ," ಎಂದಳು.

ಬೈಂದೂರು, ಭಟ್ಕಳ, ಹೊನ್ನಾವರ ಹಿಂದೆ ಸರಿದವು. ಚಿಕ್ಕ ವಿಮಾನ, ದಾರಿ ಬೇಗ ಸಾಗುತ್ತಿರಲಿಲ್ಲ. ಅವಳು ಏಳಲಿಲ್ಲ. ಗೋವೆಯ ಹತ್ತಿರ ಬರುವಾಗ ಹೊರಗೆ ಸೂರ ಕೆಮ್ಮುವುದು ಕೇಳಿಸಿತು.

"ಅಪ್ಪಯ್ಯ ಬಂದ್ರ್. ಚಾ ಇಡ್ಕ್," ಎಂದಳು ಜಲಜ. "ಇವತ್ತ್ ಇಲ್ಲೇ ಇಳ್ಸ್. ನಾಳಿಗ್ ಇಲ್ಲಿಂದ್ಲೇ ಹೋಪುಕಾತ್ತಾ?"

"ಸೇವ್ ಮಾಡಿಟ್ರೆ ಆತ್ತ್."

ಮಂಪರು ಕಣ್ಣುಗಳನ್ನು ಎಳೆಯುತ್ತಿದ್ದರೂ ಅಕ್ಷಯ ವಿಮಾನವನ್ನು ನೆಟ್ಟಗೆ ಹಿಡಿದು ರನ್‌ವೇಗೆ ಇಳಿಸಿದ. ಚಕ್ರ ನೆಲ ಮುಟ್ಟಿದಾಗ ಜಲಜ ತಾನೇ ಇಳಿದವಳಂತೆ ಕುರ್ಚಿಯ ಕೈ ಬಿಟ್ಟು ಎದ್ದು, ಅಡುಗೆಮನೆಗೆ ಹೋದಳು.