ಎಂಟು ನಿಮಿಷದ ಬೆಳಕು

ಕೆಂಪು ದೀಪದಲ್ಲಿ ನನ್ನ ಕೈ ನನ್ನದಲ್ಲ ಎನ್ನುವ ಹಾಗೆ ಕಾಣುತ್ತದೆ, ಗೆರೆಯಿಲ್ಲ, ಉಗುರಿನ ಬಣ್ಣವಿಲ್ಲ, ಯಾರೋ ಮರೆತು ಹೋದ ಕೈಗವಸು — ನಲ್ಲಿ ತೊಟ್ಟಿಕ್ಕುತ್ತಿದೆ, ವಾಷರ್ ಹಾಕಿಸಿ ಸಾರ್ ಎಂದು ಮೊದಲ ವಾರವೇ ಹೇಳಿದ್ದೆ, ಹನ್ನೆರಡು ವಾರವಾಯಿತು, ಹಾಕಿಸಲಿಲ್ಲ, ಒಳ್ಳೆಯದೇ ಆಯಿತು, ಹನಿ ಎಣಿಸಿಕೊಂಡು ನಿಂತಿರಬಹುದು, ಎಂಟು ನಿಮಿಷ ನಿಲ್ಲಬೇಕಲ್ಲ. ಚಿತ್ರ ದೊಡ್ಡದು ಮಾಡುವ ಎನ್ಲಾರ್ಜರಿನ ದೀಪ ಉರಿಯುತ್ತಿದೆ, ಅದರ ಹೊಟ್ಟೆಯಲ್ಲಿ ನನ್ನ ನೆಗೆಟಿವ್, ಕೆಳಗೆ ಹಲಗೆಯ ಮೇಲೆ ಹಾಳೆ, ಡಬ್ಬಿಯಲ್ಲಿದ್ದ ಕೊನೆಯ ಹಾಳೆ. ಮೇಜು ಮುಟ್ಟಬಾರದು, ಸೀನಬಾರದು, ಪಕ್ಕದಲ್ಲಿ ಯಾರೂ ಧಪಧಪ ಓಡಾಡಬಾರದು, ಅದಕ್ಕೇ ಎಲ್ಲರನ್ನೂ ಆಚೆ ಕಳಿಸಿ ಚಿಲಕ ಹಾಕಿಕೊಂಡಿದ್ದೇನೆ. ಬೇರೆಯವರ ಚಿತ್ರಕ್ಕೆ ಹತ್ತು ಸೆಕೆಂಡು ಬೆಳಕು ಸಾಕು, ನನ್ನದಕ್ಕೂ ಹತ್ತು ಸೆಕೆಂಡು ಕೊಟ್ಟೆ, ಹಾಳೆ ಬೆಳ್ಳಗೇ ಉಳಿಯಿತು, ಒಂದು ನಿಮಿಷ ಕೊಟ್ಟೆ, ಆಗಲೂ ಬಿಳಿ, ಮೂರು ಕೊಟ್ಟೆ, ಮೂಲೆಯಲ್ಲಿ ಹೊಗೆಯಾಡಿದ ಹಾಗೆ ಏನೋ ಬೂದು ಬಣ್ಣ, ಫೋಟೋ ತರಗತಿಯ ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ನೋಡಿ, ಇದು ಹೋಯ್ತಮ್ಮ, ನೆಗೆಟಿವ್ ಇಷ್ಟು ಕಪ್ಪಾದ್ರೆ ಬೆಳಕು ಎಲ್ಲಿಂದ ತೂರುತ್ತೆ, ಬಿಟ್ಟಾಕು, ಆ ಕತ್ತರಿ ಫೋಟೋನೇ ಹಾಕು ಗೋಡೆಗೆ, ಅದೂ ಚೆನ್ನಾಗೇ ಇದೆ, ಅಂದರು. ಚೆನ್ನಾಗಿದೆ, ನನಗೂ ಗೊತ್ತು. ಆದರೆ ಭಾನುವಾರದ ಪ್ರದರ್ಶನಕ್ಕೆ ಅಪ್ಪ ಬರುತ್ತಿರುವುದು ಕತ್ತರಿ ನೋಡುವುದಕ್ಕಲ್ಲ. ಇಸ್ತ್ರಿ ಮಾಡಿಸಿದ ಅವರ ಶರ್ಟು ಈಗಾಗಲೇ ಮನೆಯಲ್ಲಿ ಬಾಗಿಲ ಹಿಂದೆ ನೇತಾಡುತ್ತಿದೆ.

ಚಿತ್ರ ಸಾಲದೆಂದು ಅರ್ಧ ಪುಟ ಬೇರೆ ಬರೆದುಕೊಡಬೇಕಂತೆ, ಈ ತರಗತಿಯಲ್ಲಿ ನಾನು ಕಲಿತದ್ದು, ಪ್ರತಿಯೊಬ್ಬರ ಚಿತ್ರದ ಪಕ್ಕ ಅಂಟಿಸುತ್ತಾರೆ. ಏನು ಕಲಿತೆ, ಬಿಸಿಲು ನೆತ್ತಿಗೆ ಬಂದಾಗ ಕಣ್ಣ ಕೆಳಗೆ ಗುಳಿ ಬೀಳುತ್ತದೆ, ಒಂದು ಹೆಜ್ಜೆ ಸೂರಿನೊಳಗೆ ಕರೆದರೆ ಅದೇ ಮುಖ ಹತ್ತು ವರ್ಷ ಚಿಕ್ಕದಾಗುತ್ತದೆ, ಅದು ಕಲಿತೆ, ನಗಿ ಅಂದರೆ ಯಾರೂ ನಗುವುದಿಲ್ಲ, ಆಯ್ತು ಮುಗೀತು ಅಂದಾಗ ನಗುತ್ತಾರೆ, ಆಗ ಒತ್ತಬೇಕು, ಅದನ್ನೂ ಕಲಿತೆ, ಒತ್ತೋ ಮೊದಲು ನಾಲ್ಕೂ ಮೂಲೆ ನೋಡ್ಕೊಳ್ಳಿ, ನಡುವೆ ಇರೋದು ಎಲ್ಲರಿಗೂ ಕಾಣುತ್ತೆ — ಇದು ಮೇಷ್ಟ್ರ ಮಾತು, ಮೂವತ್ತು ವರ್ಷ ಪತ್ರಿಕೆಗೆ ಫೋಟೋ ತೆಗೆದು ಮಂಡಿ ಸವೆಸಿಕೊಂಡವರು, ಕೂತಲ್ಲಿಂದಲೇ ಪಾಠ ಮಾಡುತ್ತಾರೆ, ಅವರನ್ನು ಒಂದು ವಾಕ್ಯ ಪೂರ್ತಿ ಮಾಡಲು ನಾನು ಬಿಟ್ಟದ್ದಿಲ್ಲ. ಗೊತ್ತು ಸಾರ್, ಗೊತ್ತು. ನಾಲ್ಕನೇ ವಾರದ ಹೊತ್ತಿಗೆ ನನಗೆ ಗೊತ್ತಮ್ಮ ಎಂದು ಹೆಸರು ಬಿದ್ದಿತ್ತು, ಹಿಂದಿನ ಬೆಂಚಿನ ಹಲ್ಲಿನ ಡಾಕ್ಟರಮ್ಮ ಇಟ್ಟದ್ದು, ಇಡಲಿ, ನನಗೇನೂ ಬೇಜಾರಿಲ್ಲ, ನಿಜಕ್ಕೂ ಗೊತ್ತಿತ್ತು. ಹನ್ನೊಂದು ವರ್ಷದಿಂದ ಬಸ್ ಟಿಕೆಟ್ ಬುಕಿಂಗಿನ ಕಿಂಡಿಯ ಹಿಂದೆ ಕೂತಿದ್ದೇನೆ, ಒಂದಡಿ ಅಗಲ, ಒಂದಡಿ ಎತ್ತರ, ದಿನಕ್ಕೆ ಇನ್ನೂರು ಮುಖ ಆ ಚೌಕದಲ್ಲಿ ಬಂದು ಹೋಗುತ್ತವೆ, ಯಾರು ಕಿಟಕಿ ಪಕ್ಕದ ಸೀಟು ಕೇಳುತ್ತಾರೆ, ಯಾರು ವಾಪಸ್ ಬರುವ ಟಿಕೆಟ್ ಬೇಡ ಅನ್ನುತ್ತಾರೆ, ಬಾಯಿ ಬಿಡುವ ಮೊದಲೇ ಹೇಳಬಲ್ಲೆ. ಮುಖ ನೋಡುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಯಂತ್ರದ ಮಾತು ಕೇಳುವುದನ್ನು ಕಲಿಸಬೇಕಾಗಿತ್ತು, ಅದನ್ನು ಅವರು ಎರಡನೇ ವಾರವೇ ಕಲಿಸಿದ್ದರು, ಕ್ಯಾಮೆರಾದ ಲಿವರ್ ಎಳೆದಾಗ ಎಡಗಡೆ ಗುಂಡಿ ತಿರುಗುತ್ತಾ ನೋಡ್ಕೊಳ್ಳಿ, ಅದು ತಿರುಗಿದ್ರೆ ಒಳಗೆ ರೀಲು ಮುಂದೆ ಹೋಗ್ತಿದೆ ಅಂತ, ಬಿಗಿ ಅನಿಸಿದ್ರೆ ನಿಲ್ಲಿಸಿ, ಜೋರು ಮಾಡ್ಬೇಡಿ — ಗೊತ್ತು ಸಾರ್, ಅಂದಿದ್ದೆ.

ಅಪ್ಪನದು ಕಟಿಂಗ್ ಅಂಗಡಿ, ಒಂದೇ ಕುರ್ಚಿ, ಮೂವತ್ತೆಂಟು ವರ್ಷ. ಕುರ್ಚಿಯ ಕೆಳಗೆ ಕಾಲಿನಲ್ಲಿ ಒತ್ತುವ ಪೆಡಲು, ಬಂದವರು ಉದ್ದವಿರಲಿ ಗಿಡ್ಡವಿರಲಿ, ಕೂರಿಸಿ, ಟಕ್ ಟಕ್ ಎಂದು ಒತ್ತಿ, ಅವರ ನೆತ್ತಿ ತನ್ನ ಶರ್ಟಿನ ಮೂರನೇ ಗುಂಡಿಯ ಮಟ್ಟಕ್ಕೆ ಬಂದಾಗಲೇ ನಿಲ್ಲಿಸುವುದು, ಮಕ್ಕಳಾದರೆ ಅಡ್ಡ ಹಲಗೆ ಹಾಕಿ ಅದರ ಮೇಲೆ ಕೂರಿಸುವುದು, ಆದರೂ ಅದೇ ಮೂರನೇ ಗುಂಡಿ. ಆಮೇಲೆ ಎಡಗೈ ನೆತ್ತಿಯ ಮೇಲೆ, ಐದೂ ಬೆರಳು ಬಿಡಿಸಿ, ಒಂದು ಉಸಿರಿನಷ್ಟು ಹೊತ್ತು, ಸುಮ್ಮನೆ. ಯಾಕಪ್ಪಾ ಹಾಗೆ ಕೈ ಇಡೋದು ಎಂದು ಚಿಕ್ಕವಳಿದ್ದಾಗ ಕೇಳಿದ್ದೆ, ಇನ್ಮೇಲೆ ಅಲ್ಲಾಡ್ಬಾರ್ದು ಅಂತ ತಲೆಗೆ ಗೊತ್ತಾಗ್ಬೇಕಲ್ಲಮ್ಮ. ನನ್ನ ತಲೆಯ ಮೇಲೂ ಇಟ್ಟಿದ್ದಾರೆ, ಹನ್ನೆರಡು ವರ್ಷ ತುಂಬುವವರೆಗೆ ನನ್ನ ಕೂದಲನ್ನೂ ಅವರೇ ಕತ್ತರಿಸಿದ್ದು, ಬೆಚ್ಚಗೆ, ಭಾರವಾಗಿ, ಪೌಡರಿನ ವಾಸನೆ — ಆ ಕೈ ಇದ್ದಷ್ಟು ಹೊತ್ತು ನನಗೆ ಯಾರ ಭಯವೂ ಇರುತ್ತಿರಲಿಲ್ಲ. ನಿಮ್ಮಪ್ಪ ಊರಿನವರ ತಲೆಯನ್ನೆಲ್ಲ ಹಿಡಿದಿದ್ದಾರೆ, ನನ್ನ ಕೈ ಒಂದ್ಸಲ ಹಿಡಿದಿಲ್ಲ ಕಣೆ, ಅಮ್ಮ ಆಡಿಕೊಳ್ಳುತ್ತಾಳೆ, ಅಪ್ಪ ಕಿವಿ ಕೆಂಪಗೆ ಮಾಡಿಕೊಂಡು ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ನಡುಕ ಶುರುವಾದದ್ದು ಬಲಗೈಗೆ. ಮಣಿಕಟ್ಟನ್ನು ಗಿರಾಕಿಯ ಭುಜಕ್ಕೆ ಆನಿಸಿಕೊಂಡು ಒಂದು ವರ್ಷ ತೂಗಿಸಿದರು, ಯಾರಿಗೂ ಗೊತ್ತಾಗಲಿಲ್ಲ, ಎಲ್ಲ ಗೊತ್ತಿದ್ದ ನನಗೂ ಗೊತ್ತಾಗಲಿಲ್ಲ. ಆಮೇಲೆ ಒಂದು ಬೆಳಗ್ಗೆ, ಇಪ್ಪತ್ತು ವರ್ಷದಿಂದ ಬರುತ್ತಿದ್ದ ಪೋಸ್ಟ್‌ಮನ್ನರ ಕಿವಿಯ ಹಿಂದೆ ರಕ್ತ, ಸಣ್ಣ ಗೀರು, ಏನಾಗಲ್ಲ ಬಿಡಿ ಅಂದರಂತೆ ಅವರು, ಅಪ್ಪ ಹತ್ತಿ ಒತ್ತಿ ಹಿಡಿದುಕೊಂಡೇ ನಿಂತಿದ್ದರಂತೆ. ಮಧ್ಯಾಹ್ನ ಊಟಕ್ಕೆ ಬಂದವರು, ತಿಂಗಳ ಕೊನೆಗೆ ಅಂಗಡಿ ಮುಚ್ಚೋಣ ಅಂತಿದೀನಿ, ಅಂದರು, ಉಪ್ಪು ಕೊಡು ಎನ್ನುವ ದನಿಯಲ್ಲಿ. ನಾನು ಫೋಟೋ ತೆಗೀತೀನಿ ಅಪ್ಪ ಅಂದೆ. ತಟ್ಟೆಯಿಂದ ಕಣ್ಣೆತ್ತಲಿಲ್ಲ, ತೆಗಿಯಮ್ಮ, ಆದ್ರೆ ಕೈ ನಡುಗೋದು ಕಾಣುತ್ತಾ ಅದರಲ್ಲಿ. ಕಾಣಲ್ಲಪ್ಪ. ಅಷ್ಟಾದ್ರೆ ಸಾಕು, ಅಂದರು.

ಎರಡೂವರೆ ನಿಮಿಷ, ನಲ್ಲಿ ತನ್ನ ಪಾಡಿಗೆ ತಾನು — ಬಾಗಿಲು, ಬೋರ್ಡು, ಗೂಟದ ಮೇಲಿನ ಟವೆಲ್ಲು, ಕತ್ತರಿ, ಮೊದಲ ನಾಲ್ಕು ಚಿತ್ರವನ್ನು ಕೈಯಲ್ಲೇ ಹಿಡಿದು ತೆಗೆದೆ, ಆಮೇಲೆ ಮೂಲೆಯಲ್ಲಿ ಸ್ಟ್ಯಾಂಡು ಊರಿ ಕುರ್ಚಿಯ ಕಡೆಗೆ ಕ್ಯಾಮೆರಾ ಬಿಗಿದೆ, ಎರಡು ದಿನ ಅದನ್ನು ಒಂದು ಕೂದಲೆಳೆಯಷ್ಟೂ ಕದಲಿಸಲಿಲ್ಲ. ಕತ್ತರಿ ಓಡುವಾಗ ತೆಗೆಯುವುದಿಲ್ಲ, ಕೈ ನೆತ್ತಿಯ ಮೇಲೆ ನಿಲ್ಲುವ ಆ ಒಂದು ಉಸಿರಿನಲ್ಲಿ ಮಾತ್ರ ಒತ್ತುತ್ತೇನೆ ಎಂದು ನಿರ್ಧರಿಸಿದ್ದೆ, ಕೊಟ್ಟ ಮಾತು ಉಳಿಸಿಕೊಳ್ಳಬೇಕಲ್ಲ, ಇದು ಯಾವ ಮೇಷ್ಟ್ರೂ ಹೇಳಿಕೊಟ್ಟದ್ದಲ್ಲ, ನನ್ನದೇ ತಲೆ. ಮೊದಲ ಗಿರಾಕಿ ಕೂತರು, ಅಪ್ಪ ಕೈ ಇಟ್ಟರು, ಒತ್ತಿದೆ. ಮುಂದಿನದಕ್ಕೆ ಲಿವರ್ ಎಳೆದೆ, ಬಿಗಿ, ಜೋರು ಮಾಡಿದೆ, ಒಳಗೆ ಕರ್ರ್ ಎಂದು ಹೊಲಿಗೆ ಬಿಚ್ಚಿದಂಥ ಸಣ್ಣ ಶಬ್ದ, ಆಮೇಲೆ ಸಲೀಸು. ಎಡಗಡೆ ಗುಂಡಿ ಯಾರು ನೋಡುತ್ತಾರೆ, ನಾನು ಅಪ್ಪನನ್ನು ನೋಡುತ್ತಿದ್ದೆ. ಕೊನೆಯ ದಿನವೆಂದು ಸುದ್ದಿ ಹಬ್ಬಿ ಬೀದಿಯ ಬೀದಿಯೇ ಬಂತು, ಬೋಳುತಲೆಯ ದರ್ಜಿ ಕೂಡ ಬಂದು, ನನಗೂ ಒಂದ್ಸಲ ಕತ್ತರಿ ಆಡಿಸಿಬಿಡಿ, ಆಸೆಗೆ, ಅಂದ, ಪೋಸ್ಟ್‌ಮನ್ ಬಂದು, ಇನ್ನೊಂದು ಕಿವೀನೂ ಗೀರಿಬಿಡಿ, ಎರಡೂ ಕಡೆ ಸಮ ಆಗ್ಲಿ, ಅಂದರು, ಅಪ್ಪ ನಕ್ಕರು, ವರ್ಷದಿಂದ ಆ ನಗು ಕಂಡಿರಲಿಲ್ಲ, ಕೈ ಇಟ್ಟರು, ಒತ್ತಿದೆ. ಮೂವತ್ತಾರರ ರೀಲು ಮೂವತ್ತೇಳು ತೋರಿಸಿತು, ಮೂವತ್ತೆಂಟು, ನಲವತ್ತು, ರೀಲು ಹಾಕುವ ಕೈ ನನ್ನದು ಎಷ್ಟು ಪಳಗಿದೆ, ನಾಲ್ಕು ಚಿತ್ರ ಉಳಿಸಿಬಿಟ್ಟೆ ಎಂದು ಬೀಗಿದೆ, ಇದನ್ನು ಅರ್ಧ ಪುಟದಲ್ಲಿ ಬರೆಯುವುದಿಲ್ಲ. ಎರಡನೇ ದಿನ ಸಂಜೆ ಕುರ್ಚಿಯನ್ನು ಯಾರೋ ಬಿಚ್ಚಿ ಟೆಂಪೋದಲ್ಲಿ ಹೇರಿಕೊಂಡು ಹೋದರು, ನೆಲದಲ್ಲಿ ನಾಲ್ಕು ತೂತು ಉಳಿದವು.

ರೀಲು ತೊಳೆದು ನೇತುಹಾಕಿದಾಗ ನಾಲ್ಕು ಚಿತ್ರ, ಐದನೆಯದು ದೋಸೆ ಹಂಚಿನಷ್ಟು ಕಪ್ಪು, ಅಲ್ಲಿಂದ ಮುಂದೆ ಉದ್ದಕ್ಕೂ ಖಾಲಿ, ರೀಲನ್ನು ಮುಂದೆ ಎಳೆಯುವ ಅಂಚಿನ ತೂತುಗಳು ಹರಿದುಹೋಗಿವೆ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, ರೀಲು ಐದರಲ್ಲೇ ನಿಂತುಬಿಟ್ಟಿದೆಯಮ್ಮ, ಆಮೇಲೆ ತೆಗೆದಿದ್ದೆಲ್ಲ ಅದೇ ಒಂದರ ಮೇಲೆ ಬಿದ್ದಿದೆ, ಒಂದರ ಮೇಲೊಂದು, ಅದಕ್ಕೇ ಇಷ್ಟು ಕಪ್ಪು — ಅವತ್ತೊಂದು ದಿನ ಅವರ ವಾಕ್ಯ ಪೂರ್ತಿಯಾಗಿ ಮುಗಿಯಿತು, ನನ್ನ ಬಾಯಲ್ಲಿ ಗೊತ್ತು ಬರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿಕೊಂಡು ಅತ್ತೆ, ಇಡೀ ದಾರಿ. ಮನೆಯಲ್ಲಿ ಅಪ್ಪ ಬಾಗಿಲಲ್ಲೇ ನಿಂತಿದ್ದರು, ಹೇಗೆ ಬಂದಿದೆಯಮ್ಮ. ತುಂಬಾ ಚೆನ್ನಾಗಿ ಬಂದಿದೆ ಅಪ್ಪ, ಭಾನುವಾರ ನೋಡಿ. ಹಸಿ ಸುಳ್ಳು, ಅವರ ಮುಖಕ್ಕೆ ಹೇಳಿದ ಮೊದಲ ಸುಳ್ಳು, ಅವರು ಒಳಗೆ ಹೋಗಿ ಶರ್ಟು ಹುಡುಕಲು ಶುರುಮಾಡಿದರು. ಉಪಾಯ ಹೊಳೆದದ್ದು ಮೊನ್ನೆ, ಕಿಂಡಿಯ ಹಿಂದೆ, ಎರಡು ಟಿಕೆಟ್ಟುಗಳ ನಡುವೆ — ಇನ್ನೂರು ಮುಖ ಬಂದು ಹೋಗುತ್ತವೆ, ಸಂಜೆ ಒಂದೂ ನೆನಪಿರುವುದಿಲ್ಲ, ಆದರೆ ಕಿಂಡಿಯ ಕಟ್ಟೆ, ಎಲ್ಲರೂ ಮೊಳಕೈ ಊರಿ ಊರಿ ಸವೆದ ಆ ಜಾಗ, ಅದು ಕಣ್ಣು ಮುಚ್ಚಿದರೂ ಕಾಣುತ್ತದೆ. ಕಪ್ಪು ಎಂದರೆ ಖಾಲಿಯಲ್ಲ. ಖಾಲಿಯಾದದ್ದು ಮುಂದಿನ ಆ ಉದ್ದ ಪಟ್ಟಿ, ಕಪ್ಪಾದದ್ದರಲ್ಲಿ ಎರಡು ದಿನವೂ ಇದೆ, ತಲೆಗಳು ಬದಲಾದವು, ಅವು ಕಲಸಿಹೋಗುತ್ತವೆ, ಬದಲಾಗದೆ ನಿಂತದ್ದು ನಿಲ್ಲಲೇಬೇಕು, ಬೆಳಕು ಸಾಲದಿದ್ದರೆ ಇನ್ನಷ್ಟು ಬೆಳಕು ಕೊಟ್ಟರಾಯಿತು, ಎಂಟು ನಿಮಿಷ, ಬೇಕಿದ್ದರೆ ಎಂಬತ್ತು. ನನಗೆ ಗೊತ್ತು ಸಾರ್, ಈ ಸಲ ನಿಜವಾಗಿ ಗೊತ್ತು, ಅಂದೆ, ಮೇಷ್ಟ್ರು ನನ್ನ ಮುಖ ನೋಡಿದರು, ಆ ಕೊನೇ ಹಾಳೆ ನಾನು ನನಗಂತ ಇಟ್ಕೊಂಡಿದ್ದು, ತಗೋ, ಅಂದರು. ಎಂಟು. ದೀಪ ಆರಿಸಿದೆ.

ಮೊದಲ ಟ್ರೇ, ಚಿತ್ರ ಮೂಡಿಸುವ ದ್ರಾವಣ. ಹಾಳೆ ಮುಳುಗಿತು, ಇಕ್ಕಳದಿಂದ ಒಂದು ಮೂಲೆ ಅದುಮಿ, ಟ್ರೇಯನ್ನು ಮೆಲ್ಲಗೆ ತೂಗುತ್ತೇನೆ, ಹತ್ತು ಸೆಕೆಂಡು, ಬಿಳಿ, ಹದಿನೈದು, ಬಿಳಿ, ಆಚೆ ಯಾರೋ ಬಾಗಿಲು ತಟ್ಟುತ್ತಾರೆ, ಗೊತ್ತಮ್ಮೋರೇ ಇನ್ನೂ ಎಷ್ಟೊತ್ತು, ಹಲ್ಲಿನ ಡಾಕ್ಟರಮ್ಮ, ತಟ್ಟಲಿ, ಇಪ್ಪತ್ತು — ಬಂತು, ಕುರ್ಚಿಯ ಕಾಲು, ಪೆಡಲು, ಕಪ್ಪಾದದ್ದು ಮೊದಲು ಬರುತ್ತದೆ, ಇದು ಮೂರನೇ ವಾರದ ಪಾಠ, ಕುರ್ಚಿಯ ಬೆನ್ನು, ಹರಿದ ರೆಕ್ಸಿನ್, ಅದಕ್ಕೆ ಅಮ್ಮ ಹಾಕಿದ ತೇಪೆಯ ಹೊಲಿಗೆ ಕೂಡ, ಎಣಿಸಬಹುದು, ಗೂಟ, ಕಪಾಟಿನ ಅಂಚು, ಕಿಟಕಿ ಇದ್ದ ಕಡೆ ಏನೂ ಇಲ್ಲ, ಬರೀ ಬಿಳಿ, ಇರಲಿ, ಮೂವತ್ತು, ಕುರ್ಚಿಯಲ್ಲಿ ಯಾರೋ ಇದ್ದಾರೆ, ಯಾರೂ ಅಲ್ಲ, ಎಲ್ಲರೂ, ದರ್ಜಿಯ ಬೋಳು, ಪೋಸ್ಟ್‌ಮನ್ನರ ನರೆ, ಹಲಗೆಯ ಮೇಲೆ ಕೂತ ಮಕ್ಕಳು, ಮೂವತ್ತಾರು ಮುಖ ಕರಗಿ ಒಂದು ಮಬ್ಬು, ಅಪ್ಪನ ಶರ್ಟು ಅಪ್ಪನ ಆಕಾರದ ಒಂದು ಮೋಡ, ಮುಖ ಗುರುತು ಸಿಗುವುದಿಲ್ಲ, ಬಲಗೈ ಇರಬೇಕಾದಲ್ಲಿ ಒಂದಿಷ್ಟು ಮಂಜು, ಅದು ನಡುಕವೋ ಕೆಲಸವೋ ಇನ್ನು ಯಾರಪ್ಪನೂ ಹೇಳಲಾರ, ನಲವತ್ತೈದು, ಎಡಗಡೆ ನೆತ್ತಿಯ ಮೇಲೆ ಇನ್ನೂ ಬಿಳಿ, ಬಾ, ಅರವತ್ತು, ಬಾರಪ್ಪ, ಒಂದು ಗೆರೆ, ಉಗುರು, ಬೆರಳಿನ ಗಂಟು, ಮೂವತ್ತಾರು ಸಲವೂ ಒಂದೇ ಕಡೆ ಇಳಿದದ್ದು, ಅಂಚು ಸ್ವಲ್ಪವೂ ಕಲಕಿಲ್ಲ, ಕುರ್ಚಿಯ ಕಬ್ಬಿಣ ಎಷ್ಟು ಸ್ಪಷ್ಟವೋ ಅಷ್ಟೇ ಸ್ಪಷ್ಟ, ಮಬ್ಬಿನ ಮೇಲೆ ಅದೊಂದೇ ಗಟ್ಟಿ. ತೊಂಬತ್ತು, ಸಾಕು, ಇಕ್ಕಳ, ಎರಡನೇ ಟ್ರೇ, ಮೂರನೇ ಟ್ರೇ, ಇನ್ನು ಅಳಿಸಿಹೋಗುವುದಿಲ್ಲ. ಬಾಗಿಲು ತಟ್ಟುತ್ತಿದ್ದಾರೆ, ಚಿಲಕ ತೆಗೆಯಬೇಕು, ಅರ್ಧ ಪುಟ ಬರೆಯಬೇಕು, ಈ ತರಗತಿಯಲ್ಲಿ ನಾನು ಕಲಿತದ್ದು, ನಾನು ಕಲಿತದ್ದು — ನೀರಿನೊಳಗೆ ಆ ಕೈ, ನನ್ನ ನೆತ್ತಿ ಬೆಚ್ಚಗಾಗುತ್ತಿದೆ, ಇನ್ಮೇಲೆ ಅಲ್ಲಾಡ್ಬಾರ್ದು, ಅಲ್ಲಾಡುವುದಿಲ್ಲ ಅಪ್ಪ, ಎಡಗೈ, ಐದೂ ಬೆರಳು ಬಿಡಿಸಿ, ಎಡಗೈ, ನಡುಗದೆ