ಬಾಯಾರದ ಬಳ್ಳಿ

ಮಳೆ ನಿಂತ ಮುಂಜಾವಿನ ಬೆಳಕು ಎಷ್ಟು ಸುಕುಮಾರವಾದುದು, ಸಹೃದಯರೇ! ಮುದ್ರಣಾಲಯದ ಹಿಂಬದಿಯ ಕಿಟಕಿಯಲ್ಲಿ ಆ ಬೆಳಕು ತೊಯ್ದ ಗಾಜಿನಿಂದ ಜಾರಿ, ಕಾಗದದ ಧೂಳಿನ ಮೇಲೆ ತೇಲಿ, ಗೋಂದಿನ ಡಬ್ಬಿ, ದಾರದ ಉಂಡೆ, ಹೊಲಿಯದ ಹಾಳೆಗಳ ರಾಶಿ ಎಲ್ಲವನ್ನೂ ಒಂದೊಂದಾಗಿ ಸವರಿ, ಕೊನೆಗೆ ಒಂದು ಪುಟ್ಟ ಕುಂಡದ ಮೇಲೆ ಬಂದು ನಿಲ್ಲುತ್ತಿತ್ತು. ಕುಂಡದಿಂದ ನೂಲಿನಂಥ ಬಳ್ಳಿಗಳು ಇಳಿಬಿದ್ದಿದ್ದವು. ಅವುಗಳ ತುಂಬ ಅಂಗಿಯ ಗುಂಡಿಯಷ್ಟಗಲದ, ರಸಪೂರ್ಣವಾದ ದುಂಡನೆಯ ಎಲೆಗಳು. ಅದು ಪುಸ್ತಕ ಹೊಲಿಯುವವಳ ಗಿಡ.

ಎದುರಿನ ಮೇಜಿನಲ್ಲಿ ಕರಡು ತಿದ್ದುವವನು ಕೂರುತ್ತಿದ್ದ. ಪರರ ವಾಕ್ಯಗಳಲ್ಲಿನ ಅಧಿಕಪದಗಳನ್ನು ದಿನವಿಡೀ ಹೊಡೆದುಹಾಕಿ ಹೊಡೆದುಹಾಕಿ, ತನ್ನ ಮಾತುಗಳನ್ನೂ ಹೊಡೆದುಹಾಕುವ ಅಭ್ಯಾಸ ಅವನಿಗೆ. ಮಾತಿನ ನಡುವೆ ನಿಂತುಬಿಡುತ್ತಿದ್ದುದರಿಂದ ಯಂತ್ರದ ಮನೆಯವರು ಅವನಿಗೆ ‘ಅಲ್ಪವಿರಾಮ’ ಎಂದೇ ಹೆಸರಿಟ್ಟಿದ್ದರು. ಅವಳನ್ನು ಅವನು ಪ್ರೀತಿಸುತ್ತಿದ್ದ... ಗಾಢವಾಗಿ, ಅನುದಿನವೂ, ತುಟಿಪಿಟಕ್ಕೆನ್ನದೆ!

ಆ ವರ್ಷ ಅವಳು ಅಕ್ಕನ ಬಾಣಂತನಕ್ಕೆ ಹೊರಟಳು. ಅಕ್ಕನ ಊರಿನಲ್ಲೇ ಕೆಲಸವೊಂದು ಕಾದಿತ್ತು. ಮರಳುವಳೋ ಇಲ್ಲವೋ ಅವಳಿಗೇ ತಿಳಿಯದು. ಕುಂಡವನ್ನು ಅವನ ಮೇಜಿನ ಮೇಲಿಟ್ಟಳು.

“ಎಲೆ ಹಿಸುಕಿ ನೋಡಿ. ಗಟ್ಟಿಯಾಗಿದ್ರೆ ನೀರು ಬೇಡ. ಮೆತ್ತಗಾದ್ರೆ ಮಾತ್ರ ಒಂದಿಷ್ಟು ಹಾಕಿ. ನಾನು ವಾಪಸ್ ಬರೋಕೆ ಇದೊಂದೇ ನೆಪ.”

“ಆಗಲಿ,” ಎಂದ. ಅಷ್ಟೇ ಅಂದ ಮಹಾರಾಯ!

ಅವಳಿಲ್ಲದ ಕಿಟಕಿಯ ಶೂನ್ಯತೆಯನ್ನು ಏನೆಂದು ಬಣ್ಣಿಸಲಿ... ಆಡದೆ ಉಳಿದ ಮಾತುಗಳೆಲ್ಲ ಚೊಂಬಿನ ನೀರಾಗಿ ಕುಂಡಕ್ಕಿಳಿದವು, ಬೆಳಗ್ಗೆಯೂ ಸಂಜೆಯೂ. ಎಲೆಗಳು ಮೆತ್ತಗಾದವು. ಅಯ್ಯೋ, ಬಾಯಾರಿದೆ ಎಂದುಕೊಂಡು ಮತ್ತಷ್ಟು ಸುರಿದ. ಇನ್ನೂ ಮೆತ್ತಗಾದವು, ಇನ್ನೂ ಸುರಿದ. ನೀರು ಸಾಲದೆ ಸೊರಗುವ ಎಲೆಯೂ ನೀರು ಹೆಚ್ಚಾಗಿ ಕೊಳೆಯುವ ಎಲೆಯೂ ಬೆರಳಿಗೆ ಒಂದೇ ಎಂಬುದು ಆ ಪ್ರೇಮಿಗೆ ಹೇಗೆ ತಿಳಿಯಬೇಕು! ಒಂದು ದಿನ ಬುಡ ಕಪ್ಪಾಗಿ ಬಳ್ಳಿಯೇ ಕೈಗೆ ಕಿತ್ತುಬಂತು.

ಯಂತ್ರ ನಡೆಸುವ ಮುದುಕ ಇಣುಕಿ ನೋಡಿದ. “ನೀರು ಬಿಟ್ಟು ಬಿಟ್ಟು ಕೊನೆಗೆ ಎಳ್ಳುನೀರೇ ಬಿಟ್ಟೆಯಲ್ಲಪ್ಪ!”

ಅವನ ಕಣ್ಣಿಗೆ ಕತ್ತಲೆ ಕವಿಯಿತು. ಗಿಡ ಹೋದರೆ ನೆಪ ಹೋಯಿತು. ನೆಪ ಹೋದರೆ ಅವಳು... ಆದರೆ ತುದಿಗಳನ್ನು ಮುಟ್ಟಿದಾಗ ಕೆಲವು ಎಲೆಗಳು ಇನ್ನೂ ಗಟ್ಟಿ! ತಪ್ಪನ್ನು ಹೊಡೆದು ಸರಿಯಿದ್ದುದನ್ನು ಉಳಿಸುವುದೇ ಅಲ್ಲವೇ ಅವನ ಕಸುಬು? ಕೊಳೆತದ್ದನ್ನೆಲ್ಲ ಕತ್ತರಿಸಿ ಎಸೆದ. ಉಳಿದ ಕುಡಿಗಳನ್ನು ನೆರಳಿನಲ್ಲಿ ಆರಿಸಿ, ಮರಳು ಬೆರೆಸಿದ ಸಡಿಲ ಮಣ್ಣಿನ ಮೇಲೆ ಮಲಗಿಸಿ ಕಾದ. ಚೊಂಬಿನತ್ತ ಹೋಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಕಾದ. ಮಣ್ಣು ಪೂರ್ತಿ ಒಣಗಿದಾಗಷ್ಟೇ ನಾಲ್ಕು ಹನಿ... ಪ್ರೀತಿಸುವವನಿಗೆ ಕೊಡುವುದು ಸುಲಭ, ಕೊಡದಿರುವುದು ತಪಸ್ಸು! ಮೋಡ ಚದುರಿದ ಒಂದು ಬೆಳಗ್ಗೆ ಕುಡಿಯನ್ನು ಮೆಲ್ಲನೆ ಎಳೆದುನೋಡಿದ, ಅದು ಬರಲಿಲ್ಲ. ಬೇರು ಬಿಟ್ಟಿತ್ತು! ಗೆಣ್ಣಿನಲ್ಲಿ ಸಾಸಿವೆಯಷ್ಟು ಹೊಸ ಎಲೆ! ಆ ಮಿತಭಾಷಿ ಯಂತ್ರದ ಸದ್ದನ್ನೂ ಮೀರಿಸಿ “ಬಂತು! ಬಂತು!” ಎಂದು ಕೂಗಿದ.

ಚಳಿಗಾಲದ ಎಳೆಬಿಸಿಲಿನಲ್ಲಿ ಅವಳು ಬಂದಳು. ಹೆಗಲ ಚೀಲವನ್ನೂ ಇಳಿಸದೆ ಕುಂಡದ ಮುಂದೆ ನಿಂತಳು.

“ಇದು ನನ್ನ ಗಿಡ ಅಲ್ಲ.”

“ಅದನ್ನ... ನಾನೇ ಕೊಂದೆ. ನೀರು ಹಾಕಿ ಹಾಕಿ. ಇದು ಅದರದೇ ಕುಡಿ.”

“ಅಷ್ಟ್ಯಾಕೆ ಹಾಕಿದ್ರಿ? ಹೇಳಿದ್ದೆನಲ್ಲ!”

“ನಿಮಗೆ ಹೇಳಬೇಕಾದ್ದೆಲ್ಲ... ಅದಕ್ಕೆ ಸುರಿದುಬಿಟ್ಟೆ.”

ಅವಳು ಅವನನ್ನೇ ನೋಡಿದಳು. ಕಣ್ಣು ತುಂಬಿತು, ಜೊತೆಗೇ ನಗುವೂ ಉಕ್ಕಿತು.

“ಗಿಡಕ್ಕೆ ಚೊಂಬುಗಟ್ಟಲೆ ಸುರಿದೋರು ನನ್ನ ಕಡೆ ಒಂದು ಹನಿ ಚೆಲ್ಲಬಾರದಿತ್ತೇನ್ರೀ? ನಾನೇನು ಈ ಜಾತಿ ಗಿಡವಾ, ಒಣಗಿಸಿದಷ್ಟೂ ಚಿಗುರೋಕೆ?”

ಆಗ, ಓ ಆಗ, ಅವನು ಎಲ್ಲೂ ನಿಲ್ಲದೆ ಮಾತಾಡಿದ! “ವಾಪಸ್ ಹೋಗ್ಬೇಡಿ ಇಲ್ಲೇ ಇರಿ ನನ್ನ ಮದುವೆ ಆಗಿ ನೀವಿಲ್ಲದೆ ಈ ಕಿಟಕಿ ನೋಡೋಕಾಗಲ್ಲ!”

“ಇಷ್ಟು ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ? ಆಗ್ತೀನಿ,” ಎಂದು ಅವಳು ಚೀಲ ಇಳಿಸಿದಳು.

ಸಹೃದಯರೇ, ಒಂದು ಎಲೆಯ ದಾಹವನ್ನೇ ಬೆರಳು ತಪ್ಪಾಗಿ ಓದುವುದಾದರೆ, ಮನುಷ್ಯಹೃದಯದ ದಾಹವನ್ನು ಮೌನವು ಹೇಗೆ ಓದೀತು? ಅಲ್ಲಿ ಊಹೆ ಸಾಲದು... ಬಾಯಿಬಿಟ್ಟು ಕೇಳಬೇಕು, ಬಾಯಿಬಿಟ್ಟು ಹೇಳಬೇಕು. ತಡವಾಗಿಯಾದರೂ ಹೇಳಿದವನೇ ಧನ್ಯ!