ನೀಲವಲ್ಲದ ನೀಲಿ ಹರಳು

೧೯೪೩ರಲ್ಲಿ ನನ್ನ ಮದುವೆಯಾದಾಗ ಅಪ್ಪ ಮುನಿಕೃಷ್ಣಪ್ಪ ಅಳಿಯನಿಗೆ ಕೊಟ್ಟ ಉಂಗುರದಲ್ಲಿ ನೀಲಿ ಹರಳಿತ್ತು. ಎಲ್ಲರೂ ಅದನ್ನು ಶನಿಗ್ರಹದ ಕಲ್ಲಾದ ನೀಲ ಎಂದುಕೊಂಡರು. ನೀಲವನ್ನು ಮೂರು ದಿನ ಇಟ್ಟುಕೊಂಡು ನೋಡಬೇಕು, ಆಗಿಬರದಿದ್ದರೆ ಬೆರಳಿನಿಂದ ತೆಗೆದುಬಿಡಬೇಕು; ಅದು ಎಲ್ಲರ ಮನೆಯ ಪದ್ಧತಿ. ಮೂರನೆಯ ದಿನವೇ ನನ್ನ ಗಂಡ ವಿಮಾನದ ಕಾರ್ಖಾನೆಗೆ ಹೋಗುವಾಗ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡರು. ಬ್ರೇಕಿಲ್ಲದ ಸೈಕಲ್ಲನ್ನು ಒಬ್ಬರೂ ಬಯ್ಯಲಿಲ್ಲ. ಅತ್ತೆ ದೊಡ್ಡಮುನಿಯಮ್ಮ ಉಂಗುರವನ್ನೂ ನನ್ನನ್ನೂ ಒಟ್ಟಿಗೆ ತಿಪ್ಪಸಂದ್ರದಿಂದ ಕೆ.ಆರ್. ಪುರದ ತವರಿಗೆ ಅಟ್ಟಿದರು.

ಒಂದು ತಿಂಗಳು ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಗಂಡ ಅಲ್ಲಿ ಹಾಸಿಗೆಯಲ್ಲಿ, ನಾನಿಲ್ಲಿ ರಾಗಿ ಬೀಸುತ್ತ! ಕೊನೆಗೆ, ಕಲ್ಲು ನೀಲವೇ ಅಲ್ಲದಿದ್ದರೆ ಅದರಿಂದ ಕೇಡೂ ಇಲ್ಲ, ತೋರಿಸೋಣ ಬನ್ನಿ ಎಂದು ಅತ್ತೆಗೆ ಹೇಳಿ ಕಳಿಸಿದೆ. "ನೀಲ ಅಲ್ಲ ಅಂದ್ರೆ ಮನೆಗ್ ಕರ್ಕೋತೀನಿ" ಎಂದು ಒಪ್ಪಿದರು.

ದಂಡು ಪ್ರದೇಶದ ಬ್ಲಾಕ್‌ಪಲ್ಲಿ ಪೇಟೆಯಲ್ಲಿ ಹರಳಿನ ವ್ಯಾಪಾರಿ ಅಹ್ಮದ್ ಪಾಷಾ ಉಂಗುರದಿಂದ ಹರಳು ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದರು. ತಿರುಗಿಸಿದರು. ಮತ್ತೆ ತಿರುಗಿಸಿದರು.

"ನೋಡಮ್ಮಾ, ಈ ಕಡೆಯಿಂದ ನೀಲಿ. ಹಿಂಗ್ ತಿರುಗಿಸಿದ್ರೆ ಒಣಹುಲ್ಲಿನ ಬಣ್ಣ. ನೀಲ ಹಿಂಗಾಗಲ್ಲ" ಎಂದರು. ನೀಲದ ಚೂರಿನಿಂದ ಅಡಿಯಲ್ಲಿ ಗೀರಿದರು. ನಿಜವಾದ ನೀಲದ ಮೇಲೆ ಸುಲಭಕ್ಕೆ ಬೀಳದ ಗೀಟು ಇದರ ಮೇಲೆ ಸಲೀಸಾಗಿ ಬಿತ್ತು. "ಇದು ಅಯೋಲೈಟ್ ಅಂತ, ಬೇರೇನೇ ಕಲ್ಲು. ಇಷ್ಟು ದೊಡ್ಡದು, ಇಷ್ಟು ಸಾಫ್ ಇರೋದು ನಲವತ್ತು ವರ್ಷದಲ್ಲಿ ಎರಡೇ ನೋಡಿರೋದು."

"ಹಂಗಾದ್ರೆ ಬೆಲೆ ಜಾಸ್ತೀನಾ?" ಅತ್ತೆ ಕೇಳಿದರು.

"ಎಲ್ಲಿ ತಾಯಿ! ನೀಲ ಆಗಿದ್ರೆ ಆರ್ನೂರು ರೂಪಾಯಿ. ಇದು ಯಾವ ಗ್ರಹಕ್ಕೂ ಸೇರಿದ್ದಲ್ಲ, ಯಾರ್ ಕೇಳ್ತಾರೆ? ನಲವತ್ತು ರೂಪಾಯಿ, ಅಷ್ಟೇ. ಒಳ್ಳೇದೂ ಮಾಡಲ್ಲ, ಕೆಟ್ಟದ್ದೂ ಮಾಡಲ್ಲ."

ಅಬ್ಬಾ! ಎದ್ದು ಕುಣಿಯಬೇಕು ಅನ್ನಿಸಿತು. "ಕೇಳಿದ್ರಾ ಅತ್ತೆಮ್ಮಾ? ಕಲ್ಲಿಂದೇನೂ ತಪ್ಪಿಲ್ಲ!"

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಕಲ್ಲಿಂದಲ್ಲ ಅಂದ್ಮೇಲೆ ನಿನ್ ಕಾಲ್ಗುಣಾನೇ. ಕಲ್ಲಾಗಿದ್ರೆ ಮಾರಿ ಕೈ ತೊಳ್ಕೋಬಹುದಿತ್ತು."

ನೀಲ ಆಗದಿರಲಿ ಎಂದು ತಿಂಗಳಿಡೀ ದೇವರಿಗೆ ಕೈಮುಗಿದಿದ್ದ ನಾನೇ ಈಗ ಬೇಡಿಕೊಂಡೆ: "ಸಾಹೇಬ್ರೇ, ಇನ್ನೊಂದ್ಸಲ ನೋಡಿ. ನೀಲ ಅಂದ್ಬಿಡಿ."

"ಕಲ್ಲಿನ ವಿಷ್ಯದಲ್ಲಿ ಸುಳ್ಳು ಹೇಳಲ್ಲಮ್ಮಾ" ಎಂದು ಪಾಷಾ ಸಾಹೇಬರು ಹರಳನ್ನು ಕಾಗದದಲ್ಲಿ ಮಡಿಚಿ ಕೊಟ್ಟರು. ಅತ್ತೆ ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು.

ಮನೆಗೆ ಕರೆದುಕೊಳ್ಳುತ್ತೇನೆಂದ ಮಾತನ್ನೇ ಮುರಿದರಲ್ಲ ಎಂದು ಸಿಟ್ಟು ನೆತ್ತಿಗೇರಿತು. ಕೆ.ಆರ್. ಪುರದ ಬಸ್ಸು ಎದುರಿಗೇ ನಿಂತಿತ್ತು, ನಾನು ಹತ್ತಲಿಲ್ಲ. ಹಲಸೂರಿನ ಕೆರೆ ದಾಟಿ, ಅತ್ತೆಗಿಂತ ಮುಂದೆ ತಿಪ್ಪಸಂದ್ರಕ್ಕೆ ಬಿರಬಿರನೆ ನಡೆದೆ. ಹಿಂದಿನಿಂದ ಅವರು ಕೂಗುತ್ತಲೇ ಬಂದರು.

ಬಾಗಿಲು ಬಡಿದೆ. "ಯಾರು?" ಎಂದರು ಗಂಡ.

"ನಾನೇ ರೀ" ಎಂದೆ.

ಅವರು ಒಂಟಿಕಾಲಲ್ಲಿ ಕುಪ್ಪಳಿಸಿಕೊಂಡು ಬಂದು ಅಗುಳಿ ತೆಗೆದರು.